ಬೆಂಕಿ ಆರಿಸುವ ನೀರೇ ಹಡಗಿಗೆ ಭಾರ

ಯಮಕನಮರಡಿಯ ಬದಿಗೆ ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿಯನ್ನೇ ಹಿಡಿದು ಪುಣೆ ದಾಟಿದರೆ ಲೋಣಾವಳ ಸಿಗುತ್ತದೆ. ಸಮುದ್ರ ಕಾಣದ ಆ ಗುಡ್ಡಗಾಡಿನಲ್ಲಿ, 1945ರಲ್ಲಿ ಶುರುವಾದ ಐಎನ್‌ಎಸ್ ಶಿವಾಜಿಯಲ್ಲಿ, ನೌಕಾಪಡೆಯವರು ಹಡಗಿನ ಬೆಂಕಿ ಆರಿಸುವುದನ್ನೂ ಒಡೆದ ಮೈಯನ್ನು ಮುಚ್ಚುವುದನ್ನೂ ಕಲಿಯುತ್ತಾರೆ. ಅಲ್ಲಿ ಅಲುಗಾಡುವ ಕಬ್ಬಿಣದ ಕೋಣೆಯಿದೆ. ತೂತುಗಳಿಂದ ನೀರು ನುಗ್ಗುತ್ತಿರುವಾಗ ಮರದ ಬೆಣೆ ಬಡಿದು ಅದನ್ನು ತಡೆಯಬೇಕು. ಪಡೆಯ ಮಾತಿನಲ್ಲಿ ಇದು 'ಡ್ಯಾಮೇಜ್ ಕಂಟ್ರೋಲ್'. ಸೈನ್ಯವೆಂದರೆ ಬೆಳಗಾವಿಯ ಮರಾಠಾ ರೆಜಿಮೆಂಟು, ಇಲ್ಲವೇ ಸಾಂಬ್ರಾದ ವಾಯುಪಡೆ ಶಾಲೆ ಎನ್ನುವ ನಮ್ಮ ಹುಕ್ಕೇರಿ–ಗೋಕಾಕ ಸೀಮೆಯಲ್ಲಿ ಈ ಕಸುಬಿನ ಮಾತು ಬರುವುದು ಅಪರೂಪ.

ಊರಲ್ಲಿ ಬಣವಿಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡುತ್ತೇವೆ. ನೀರು ಹೆಚ್ಚಾಯಿತೆಂದು ಯಾರೂ ದೂರುವುದಿಲ್ಲ. ಹಡಗಿನ ಲೆಕ್ಕ ಬೇರೆ. ಉಕ್ಕಿನ ಗೋಡೆ ಕಾದು, ಆಚೆ ಕೋಣೆಯ ಬಣ್ಣ, ಕೇಬಲ್ಲು ತಾವಾಗಿ ಹೊತ್ತಿಕೊಳ್ಳುತ್ತವೆ. ಹಾಗಾಗಿ ಉರಿಯುವ ಕೋಣೆಯ ನಾಲ್ಕು ಗೋಡೆ, ಮೇಲಿನ ಚಾವಣಿ, ಕೆಳಗಿನ ನೆಲ, ಆರೂ ಕಡೆ ತಣಿಸಬೇಕು. ಹಾಗೆ ಸುರಿದ ನೀರು ಒಳಗೇ ಉಳಿಯುತ್ತದೆ. ಹಡಗು ತುಸು ವಾಲಿದರೆ ನೀರೆಲ್ಲ ಆ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. 1942ರ ಫೆಬ್ರುವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ಭಾರಿ ಹಡಗಿಗೆ ಗ್ಯಾಸ್ ಕಟಿಂಗಿನ ಕಿಡಿ ತಾಗಿತು. ಬೆಂಕಿ ಹತೋಟಿಗೆ ಬಂತು. ಸುರಿದ ನೀರಿನ ಭಾರಕ್ಕೆ ಅದೇ ರಾತ್ರಿ ಹಡಗು ಮಗುಚಿತು.

ಎರಡು ವರ್ಷದ ಬಳಿಕ, 1944ರ ಏಪ್ರಿಲ್ 14ರಂದು, ಮುಂಬಯಿಯ ಸರದಿ. ಫೋರ್ಟ್ ಸ್ಟೈಕಿನ್ ಹಡಗಿನಲ್ಲಿ ಹತ್ತಿ ಮೂಟೆಯೂ ಸಿಡಿಮದ್ದೂ ಒಟ್ಟಿಗೇ ಇದ್ದವು. ಹತ್ತಿ ಹೊಗೆಯಾಡುತ್ತಿದ್ದಾಗ ಹಡಗನ್ನು ಮುಳುಗಿಸಬೇಕೋ ಬೇಡವೋ ಎಂಬ ನಿರ್ಧಾರ ಯಾರಿಂದಲೂ ಹೊರಡಲಿಲ್ಲ. ಸ್ಫೋಟಕ್ಕೆ ಬಂದರು ಛಿದ್ರವಾಯಿತು, ಅಗ್ನಿಶಾಮಕ ಸಿಬ್ಬಂದಿಯೇ ಹತ್ತಾರು ಮಂದಿ ಸತ್ತರು. ದೇಶದಲ್ಲಿ ಪ್ರತಿ ವರ್ಷ ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಅದೇ ತಾರೀಕಿಗೆ.

ಈ ವಿದ್ಯೆಯ ದಿಕ್ಕು ಬದಲಿಸಿದ್ದು ಮಾತ್ರ 1967ರ ಜುಲೈ 29. ವಿಯೆಟ್ನಾಂ ಸಮೀಪ ಅಮೆರಿಕದ ವಿಮಾನವಾಹಕ ಫಾರೆಸ್ಟಲ್ ಮೇಲೆ, ನಿಂತಿದ್ದ ವಿಮಾನದಿಂದ ರಾಕೆಟ್ಟೊಂದು ತಾನಾಗಿ ಹಾರಿ ಇನ್ನೊಂದು ವಿಮಾನದ ಇಂಧನ ಟ್ಯಾಂಕಿಗೆ ಬಡಿಯಿತು. ಒಂದೂವರೆ ನಿಮಿಷದಲ್ಲಿ ಮೊದಲ ಬಾಂಬು ಸಿಡಿದು, ಬೆಂಕಿ ಆರಿಸಲು ಪಳಗಿದ್ದ ತಂಡವನ್ನೇ ಅಳಿಸಿಬಿಟ್ಟಿತು. ಉಳಿದವರಿಗೆ ಧೈರ್ಯವಿತ್ತು, ತರಬೇತಿ ಇರಲಿಲ್ಲ. ಒಬ್ಬರು ನೊರೆ ಹಾಸಿದರೆ ಇನ್ನೊಬ್ಬರು ಸಮುದ್ರದ ನೀರು ಬಿಟ್ಟು ಅದನ್ನು ತೊಳೆದುಹಾಕಿದರು. 134 ಮಂದಿ ಸತ್ತರು. ಅಲ್ಲಿಂದಾಚೆ ಬೆಂಕಿ ಆರಿಸುವುದು ಒಂದು ತಂಡದ ಕೆಲಸವಾಗಿ ಉಳಿಯಲಿಲ್ಲ. ಅಡುಗೆಯವನಿಂದ ಗುಮಾಸ್ತನವರೆಗೆ ಎಲ್ಲರೂ ಕಲಿಯಬೇಕಾಯಿತು.

ಸಲಕರಣೆಗಳ ಕತೆ ಚಿಕ್ಕದು. ಎಣ್ಣೆಯ ಮೇಲೆ ತೆಳು ಪೊರೆ ಹಾಸುವ ನೊರೆ 1960ರ ದಶಕದಲ್ಲಿ ಅಮೆರಿಕ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ರಾಸಾಯನಿಕ ಮಣ್ಣು-ನೀರಿನಲ್ಲಿ ನಾಶವಾಗದೆ ಉಳಿಯುತ್ತದೆಂದು ಈಗ ಅದನ್ನು ಕೈಬಿಡುವ ಯತ್ನ ನಡೆದಿದೆ. ಬೆಂಕಿ ಆರಿಸುವ ಹ್ಯಾಲಾನ್ ಅನಿಲಕ್ಕೆ, ಓಝೋನ್ ಪದರ ಉಳಿಸಲು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದ ಅಡ್ಡ ಬಂತು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಕ್ಷಿಪಣಿ ಬಡಿದಾಗ ಬೆಂಕಿ ಆರಿಸುವ ನೀರಿನ ಕೊಳವೆಯೇ ಕೈಕೊಟ್ಟಿತ್ತು. ನಾವಿಕರ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆಂಬುದನ್ನೂ ಆ ಯುದ್ಧವೇ ಕಲಿಸಿತು.

ನಮ್ಮ ಕಡಲಿಗೆ ಬರೋಣ. 2014ರ ಫೆಬ್ರುವರಿ 26ರಂದು ಸಿಂಧುರತ್ನ ಜಲಾಂತರ್ಗಾಮಿಯ ಬೆಂಕಿಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಅಂದೇ ನೌಕಾಪಡೆಯ ಮುಖ್ಯಸ್ಥ ಡಿ. ಕೆ. ಜೋಶಿ ರಾಜೀನಾಮೆ ಕೊಟ್ಟರು. ನಮ್ಮ ರಾಜ್ಯದ ಬಾಗಿಲಲ್ಲೇ ನಡೆದದ್ದು 2019ರ ಏಪ್ರಿಲ್ 26ರ ಘಟನೆ. ವಿಮಾನವಾಹಕ ಹಡಗು ವಿಕ್ರಮಾದಿತ್ಯ ಕಾರವಾರ ಬಂದರು ಹೊಗುತ್ತಿದ್ದಾಗ ಬೆಂಕಿ ಕಾಣಿಸಿತು. ಆರಿಸುವವರ ಮುಂದಾಳಾಗಿದ್ದ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್ ಹೊಗೆಯಲ್ಲಿ ಪ್ರಜ್ಞೆ ತಪ್ಪಿ, ಕಾರವಾರದ ನೌಕಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಡಗು ಉಳಿಯಿತು. 2024ರ ಜುಲೈ 21ರಂದು ಮುಂಬಯಿಯಲ್ಲಿ ದುರಸ್ತಿಗೆ ನಿಂತಿದ್ದ ಯುದ್ಧನೌಕೆ ಬ್ರಹ್ಮಪುತ್ರಕ್ಕೆ ಬೆಂಕಿ ಬಿತ್ತು. ಮರುದಿನ ಬೆಳಿಗ್ಗೆ ಬೆಂಕಿ ಹತೋಟಿಗೆ ಬಂತು, ಮಧ್ಯಾಹ್ನ ಹಡಗು ವಾಲತೊಡಗಿ ಕೊನೆಗೆ ಮಗ್ಗುಲಾಯಿತು. ಒಬ್ಬ ನಾವಿಕ ಜೀವ ಕಳೆದುಕೊಂಡರು.

ನಾರ್ಮಂಡಿಗೂ ಬ್ರಹ್ಮಪುತ್ರಕ್ಕೂ ನಡುವೆ ಎಂಬತ್ತೆರಡು ವರ್ಷ. ಎರಡಕ್ಕೂ ಬೆಂಕಿ ಬಿದ್ದದ್ದು ಬಂದರಿನಲ್ಲಿ ಕೆಲಸ ನಡೆದಿದ್ದಾಗಲೇ. ಹಡಗಿಗೆ ಶತ್ರುವಿಗಿಂತ ರಿಪೇರಿಯೇ ಗಂಡಾಂತರದ ಕಾಲ ಎಂಬುದು ನನ್ನ ಅನಿಸಿಕೆ. ವೆಲ್ಡಿಂಗಿನ ಕಿಡಿ ಒಂದು ಕಡೆ, ಕೇಬಲ್ಲು ತೂರಿಸಿದ್ದರಿಂದ ಮುಚ್ಚಲಾಗದ ಬಾಗಿಲು ಇನ್ನೊಂದು ಕಡೆ. ಕೆಲವು ಪಂಪು ಬಿಚ್ಚಿಟ್ಟಿರುತ್ತವೆ, ಅರ್ಧ ಸಿಬ್ಬಂದಿ ದಡದಲ್ಲಿರುತ್ತಾರೆ. 2020ರ ಜುಲೈನಲ್ಲಿ ಸ್ಯಾನ್ ಡಿಯಾಗೋದಲ್ಲಿ ದುರಸ್ತಿಗೆ ನಿಂತಿದ್ದ ಅಮೆರಿಕ ನೌಕಾಪಡೆಯ ಬಾನ್‌ಹೋಮ್ ರಿಚರ್ಡ್ ಹಡಗು ದಿನಗಟ್ಟಲೆ ಉರಿದು ಗುಜರಿಗೆ ಹೋಯಿತು. ನೊರೆ ಬಿಡುವ ಗುಂಡಿಯನ್ನು ಯಾರೂ ಒತ್ತಿರಲೇ ಇಲ್ಲವೆಂದು ತನಿಖೆ ಹೇಳಿತು. ಫಾರೆಸ್ಟಲ್ ಕಲಿಸಿದ ಪಾಠ ಅದೇ ನೌಕಾಪಡೆಗೆ ಮರೆತುಹೋಗಿತ್ತು.

ಹತ್ತನೆಯದೋ ಹನ್ನೆರಡನೆಯದೋ ಮುಗಿಸಿ ನೌಕಾಪಡೆಯ ಅಗ್ನಿವೀರರಾಗುವವರು ಮೊದಲು ಹೋಗುವುದು ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ. ಮುಂದೆ ಯಾವ ಶಾಖೆ ಸಿಕ್ಕರೂ ನೀರಿನ ಪೈಪು ಹಿಡಿಯುವ ಪಾಳಿ ಯಾರಿಗೂ ತಪ್ಪದು. ನಡುಗಡಲಲ್ಲಿ ಫೋನ್ ಮಾಡಿ ಕರೆಯಲು ಫೈರ್ ಎಂಜಿನ್ ಇಲ್ಲ. ಮಕ್ಕಳನ್ನು ಆ ಕಡೆ ಕಳಿಸುವ ಮನೆಯವರು ಸಂಬಳ, ಸಮವಸ್ತ್ರದ ಜೊತೆಗೆ ಈ ತರಬೇತಿಯ ಬಗ್ಗೆಯೂ ಕೇಳಿ ತಿಳಿದುಕೊಳ್ಳಲಿ.