ಕುಂಡಿನಾಡಿನ ಮಹಾಮಂಡಲೇಶ್ವರ ನಾಲ್ಕನೆಯ ಕಾರ್ತವೀರ್ಯ

ಚಕ್ರವರ್ತಿಗಳ ಚರಿತ್ರೆಯನ್ನು ಬರೆಯುವವರು ಬಹು ಜನರು; ಅವರ ಕೆಳಗೆ ನಾಡನ್ನು ಕಾಯ್ದ ಮಾಂಡಲಿಕರ ಚರಿತ್ರೆಗೆ ಕೈಯಿಕ್ಕುವವರು ವಿರಳ. ಆದರೆ ಹಳೆಯ ಗುಡಿ ಬಸದಿಗಳ ಶಾಸನಗಳನ್ನು ಓದಿ ನೋಡಿದರೆ, ಹಲವೆಡೆಗಳಲ್ಲಿ ಕಾಣುವದು ಮಾಂಡಲಿಕರ ಕೈಯೇ. ನಮ್ಮ ನೆರೆಯಲ್ಲಿಯೇ ಆಳಿದ ಅಂತಹನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ರಟ್ಟರು ಸುಗಂಧವರ್ತಿ, ಎಂದರೆ ಈಗಿನ ಸವದತ್ತಿಯಲ್ಲಿ ನೆಲೆಸಿ ಕುಂಡಿ ಮೂರುಸಾವಿರ ನಾಡನ್ನು ಆಳಿದರು. ಲತ್ತಲೂರು ತಮ್ಮ ಮೂಲವೆಂದು ಬಿರುದಿನಲ್ಲಿ ಹೇಳಿಕೊಳ್ಳುತ್ತಿದ್ದರು. ಈ ಮನೆತನದ ಒಂದನೆಯ ಲಕ್ಷ್ಮಿದೇವನಿಗೂ ಚಂದಲದೇವಿಗೂ ಕಾರ್ತವೀರ್ಯ, ಮಲ್ಲಿಕಾರ್ಜುನರೆಂಬ ಇಬ್ಬರು ಮಕ್ಕಳು. ಹಿರಿಯನು ಪಟ್ಟವನ್ನೇರಿದನು, ಕಿರಿಯನು ಯುವರಾಜನಾದನು. ರಾಜ್ಯಕ್ಕಾಗಿ ಅಣ್ಣತಮ್ಮಂದಿರು ಕಾದಾಡಿದ ಕಥೆಗಳೇ ಇತಿಹಾಸದಲ್ಲಿ ಹೆಚ್ಚು. ಇಲ್ಲಿಯಾದರೋ ಶಾಸನಗಳು ಇಬ್ಬರನ್ನೂ ಜೊತೆಯಾಗಿ ಹೆಸರಿಸುತ್ತವೆ.

ಅದು ಕಠಿಣವಾದ ಕಾಲ. 1190ರ ಸುಮಾರಿಗೆ ಕಲ್ಯಾಣದ ಚಾಲುಕ್ಯರ ಸಾಮ್ರಾಜ್ಯವು ಒಡೆದುಹೋಗಿತ್ತು. ಉತ್ತರದಿಂದ ದೇವಗಿರಿಯ ಯಾದವರೂ ದಕ್ಷಿಣದಿಂದ ಹೊಯ್ಸಳರೂ ಒತ್ತಿ ಬರುತ್ತಿದ್ದರು. ಈ ಎರಡು ಬಲಗಳ ನಡುವೆ ಕಾರ್ತವೀರ್ಯನು ತನ್ನ ನಾಡನ್ನು ಉಳಿಸಿಕೊಂಡನಲ್ಲದೆ ವೇಣುಗ್ರಾಮ, ಎಂದರೆ ಬೆಳಗಾಂವಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಹಿಂದೆ ಅದು ಗೋವೆಯ ಕದಂಬರ ಕೈಯಲ್ಲಿತ್ತು. ಅವನ ಕಾಲದ ಶಾಸನವು ರಾಯಬಾಗದಲ್ಲಿ 1201ರದು, ಕಲ್ಲೋಳಿಯಲ್ಲಿ 1204ರದು ದೊರೆತಿವೆ. ನಿಪ್ಪಾಣಿಯ ಕಡೆಯ ಭೋಜದಲ್ಲಿ 1208ರ ತಾಮ್ರಪಟವು ಸಿಕ್ಕಿದೆ. ಪಾರ್ಶ್ವನಾಥಪುರಾಣವನ್ನು ರಚಿಸಿದ ಪಾರ್ಶ್ವಪಂಡಿತನು ಅವನ ಆಶ್ರಯದಲ್ಲಿದ್ದವನು.

ಕಾರ್ತವೀರ್ಯನ ಮಂತ್ರಿ ಬೀಚಣನು ಬೆಳಗಾಂವಿಯಲ್ಲಿ ರಟ್ಟಜಿನಾಲಯವನ್ನು ಕಟ್ಟಿಸಿದನು. ಕೋಟೆಯೊಳಗಿನ ಕಮಲಬಸದಿಯು ಇವನದೇ ಎಂದು ಪ್ರಸಿದ್ಧವಾಗಿದೆ. 1204ರಲ್ಲಿ ಅಣ್ಣತಮ್ಮಂದಿರು ಆ ಜಿನಾಲಯಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ಉಂಬರವಾಣಿ ಗ್ರಾಮವನ್ನು ದತ್ತಿ ಬಿಟ್ಟರು. ಅದೇ ಕಾಲದಲ್ಲಿ ದೂರದ ಸ್ಕಾಟ್ಲಂಡದಲ್ಲಿಯೂ ವಿಲಿಯಂ ದೊರೆಯ ತಮ್ಮ ಡೇವಿಡನೆಂಬ ಸರದಾರನು ಲಿಂಡೋರ್ಸದಲ್ಲಿ ಮಠವನ್ನು ಸ್ಥಾಪಿಸಿದ್ದನು. ಬಾಳು ಅಸ್ಥಿರವೆಂದರಿತ ಸಾಮಂತರು ತಮ್ಮ ಹೆಸರನ್ನು ಧರ್ಮದ ಆಶ್ರಯದಲ್ಲಿರಿಸುವದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ರೀತಿ.

ಕಾರ್ತವೀರ್ಯನ ತರುವಾಯ ಮಗನಾದ ಎರಡನೆಯ ಲಕ್ಷ್ಮಿದೇವನು ಆಳಿದನು. 1228ರ ಸವದತ್ತಿಯ ಶಾಸನವು ರಾಜಗುರು ಮುನಿಚಂದ್ರನನ್ನು ರಟ್ಟರಾಜ್ಯಪ್ರತಿಷ್ಠಾಚಾರ್ಯನೆಂದು ಹೊಗಳುತ್ತದೆ. ಆ ಶಾಸನವು ಶಿವಾಲಯಕ್ಕೆ ಸಂಬಂಧಿಸಿದ್ದೆಂಬದು ಗಮನಿಸತಕ್ಕ ಸಂಗತಿ. ಜೈನಾಚಾರ್ಯನ ಸ್ತುತಿಯೂ ಶಿವನ ದತ್ತಿಯೂ ಒಂದೇ ಕಲ್ಲಿನಲ್ಲಿ ನೆಲೆಸಿದವು. ಆದರೆ ಹತ್ತು ವರ್ಷಗಳೊಳಗಾಗಿಯೇ ಕಥೆ ಮುಗಿಯಿತು. ಯಾದವ ಸಿಂಘಣನ ದಂಡನಾಯಕನು ರಟ್ಟರನ್ನು ಅಡಗಿಸಿದನೆಂದು 1238ರ ಹರಳಹಳ್ಳಿಯ ತಾಮ್ರಪಟವು ಸಾರುತ್ತದೆ. ಆ ದಂಡನಾಯಕನ ಹೆಸರೂ ಬೀಚಣನೇ! ಒಬ್ಬ ಬೀಚಣನು ರಟ್ಟರ ಹೆಸರಿನಲ್ಲಿ ಜಿನಾಲಯವನ್ನು ಕಟ್ಟಿಸಿದನು; ಮತ್ತೊಬ್ಬ ಬೀಚಣನು ರಟ್ಟರ ಸಿಂಹಾಸನವನ್ನು ಕೆಡವಿದನು. ಉಳಿದದ್ದು ಮೊದಲನೆಯವನ ಕೆಲಸ.

ಅದು ಕೂಡ ಪೂರ್ಣವಾಗಿ ನಮ್ಮಲ್ಲಿ ಉಳಿದಿಲ್ಲ. ಬಸದಿಯು ಬೆಳಗಾಂವಿಯಲ್ಲಿದೆ, ರಟ್ಟಜಿನಾಲಯದ ದತ್ತಿಯನ್ನು ಹೇಳುವ 1204ರ ಕನ್ನಡ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿದವು. ಅಲ್ಲಿಯ ಬಾರ್ನೆಟ್ ಪಂಡಿತರು ಅವನ್ನು ಓದಿ ಪ್ರಕಟಿಸಿದರೆಂಬದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೂ ನಮ್ಮ ನಾಡಿನ ದೊರೆಯ ಮಾತನ್ನು ಕೇಳಲು ಸಮುದ್ರವನ್ನು ದಾಟಬೇಕಾದದ್ದು ಮನಸ್ಸಿಗೆ ನಾಟುವ ಸಂಗತಿಯೇ ಸರಿ. ಹೋದ ಕಲ್ಲಿಗಾಗಿ ಮರುಗುವದಕ್ಕಿಂತ, ಇದ್ದ ಕಲ್ಲನ್ನು ಕಾಯುವದು ಲೇಸು. ಊರ ಹೊರಗೆ ಮಣ್ಣಿನಲ್ಲಿ ಅರ್ಧ ಹೂತು ನಿಂತ ಅಕ್ಷರದ ಕಲ್ಲೊಂದು ವಾಚಕರ ಕಣ್ಣಿಗೆ ಬಿದ್ದರೆ, ಅದರ ಮುಂದೆ ಒಂದು ಗಳಿಗೆ ನಿಲ್ಲಲಿ; ಬಲ್ಲವರನ್ನು ಕರೆದು ಓದಿಸಲಿ. ಕಾರ್ತವೀರ್ಯನ ನಾಡು ಅಳಿಯಿತು, ಕೋಟೆ ಕೈಬದಲಾಯಿತು. ಅವನನ್ನು ಇಂದಿನವರೆಗೆ ಬದುಕಿಸಿದ್ದು ಅಂತಹ ಕಲ್ಲುಗಳೇ.