ಮದ್ದು ಹೊತ್ತ ವಿಮಾನ

ಬೆಳೆಗೆ ಹೊಡೆಯುವ ವಿಷವನ್ನು ನಮ್ಮ ರೈತರು 'ಮದ್ದು' ಎನ್ನುತ್ತಾರೆ. ರೋಗಿಗೆ ಕೊಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ಮದ್ದು ಸಿಂಪಡಿಸುವ ವಿಮಾನದ ಚರಿತ್ರೆಯನ್ನು ಓದುವಾಗಲೆಲ್ಲ ಈ ಇಬ್ಬಗೆಯ ಮಾತು ನನಗೆ ನೆನಪಾಗುತ್ತದೆ.

1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಬಳಿ, ಸೈನ್ಯದ ಲೆಫ್ಟಿನೆಂಟ್ ಜಾನ್ ಮೆಕ್‌ರೆಡಿಯವರು ಕೆಟಾಲ್ಪ ಮರಗಳ ತೋಪಿನ ಮೇಲೆ ಸೀಸದ ಆರ್ಸನೇಟ್ ಪುಡಿಯನ್ನು ಚೆಲ್ಲುತ್ತ ಹಾರಿದರು. ಎಟಿಯೆನ್ ಡಾರ್ಮಾಯ್ ರಚಿಸಿದ ಪುಡಿಯ ಪೆಟ್ಟಿಗೆಯನ್ನು ವಿಮಾನದ ಪಕ್ಕಕ್ಕೆ ಬಿಗಿಯಲಾಗಿತ್ತು. ಎಲೆ ತಿನ್ನುತ್ತಿದ್ದ ಹುಳುಗಳು ರಾಶಿರಾಶಿಯಾಗಿ ಸತ್ತವು. ಆ ವಿಮಾನವಾದರೋ ಸೈನಿಕ ತರಬೇತಿಗೆಂದು ಹುಟ್ಟಿದ್ದು. ಎರಡನೆಯ ಮಹಾಯುದ್ಧದ ಅನಂತರವೂ ಸೈನ್ಯ ಮಾರಿದ ಸ್ಟಿಯರ್‌ಮನ್ ತರಬೇತಿ ವಿಮಾನಗಳೇ ಹೊಲದ ಕೆಲಸಕ್ಕೆ ಬಂದವು. ಪೈರಿನ ತಲೆ ಸವರುವಂತೆ ಹಾರಿ, ಹೊಲದಂಚಿನಲ್ಲಿ ಥಟ್ಟನೆ ಮೇಲೇರಿ ತಿರುಗಬೇಕು; ಮರವೋ ವಿದ್ಯುತ್ ತಂತಿಯೋ ಅಡ್ಡಬಂದರೆ ಚಾಲಕನ ಕಥೆ ಮುಗಿದಂತೆಯೇ.

ಅವನ ಜೀವವನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಕೆಲಸಕ್ಕೆಂದೇ ವಿಮಾನ ರಚಿಸಿದವರು ಫ್ರೆಡ್ ವೀಕ್. ಟೆಕ್ಸಾಸಿನಲ್ಲಿ ಅವರ 'ಏಜಿ-1' 1950ರ ಡಿಸೆಂಬರ್ 1ರಂದು ಹಾರಿತು. ಮುಂದಿನ ನೋಟಕ್ಕೆ ತಡೆಯಿರದಂತೆ ಚಾಲಕನ ಪೀಠವನ್ನು ಎತ್ತರಿಸಿದ್ದರು. 1959ರಲ್ಲಿ ಬಂದ ಅವರ ಪೈಪರ್ ಪಾನೀ ವಿಮಾನದಲ್ಲಿ ಮದ್ದಿನ ತೊಟ್ಟಿ ಎಂಜಿನ್ನಿಗೂ ಚಾಲಕನಿಗೂ ನಡುವೆ ಬಂದಿತು. ಅಪ್ಪಳಿಸಿದಾಗ ಹಿಂದಿರುವ ಭಾರ ಮುಂದಿರುವವನನ್ನು ಅರೆದುಬಿಡುತ್ತದೆ. ಭಾರವೇ ಮುಂದಿದ್ದರೆ ವಿಮಾನದ ಮೂತಿ ನುಜ್ಜಾಗಿ ಪೆಟ್ಟನ್ನು ತಾನೇ ನುಂಗುತ್ತದೆ. ಬೆಂಗಳೂರಿನ ಎಚ್.ಎ.ಎಲ್. ರೂಪಿಸಿದ 'ಬಸಂತ್' ಕೂಡ ಇದೇ ದಾರಿ ಹಿಡಿಯಿತು. ಮೊದಲ ಮಾದರಿಯಲ್ಲಿ ಚಾಲಕ ಮೂತಿಯ ಸಮೀಪದಲ್ಲಿದ್ದ. ಹೊಸದಾಗಿ ರಚಿಸಿ 1972ರ ಮಾರ್ಚ್ 30ರಂದು ಹಾರಿಸಿದ ಎರಡನೆಯದರಲ್ಲಿ ತೊಟ್ಟಿಯ ಹಿಂದೆ, ಎತ್ತರದಲ್ಲಿ ಕುಳಿತ. 1980ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 39 ಬಸಂತ್‌ಗಳು ಸಿದ್ಧವಾಗಿದ್ದವು.

ಮೇಲೆ ಕುಳಿತ ಒಬ್ಬನಿಗಾಗಿ ಇಷ್ಟೊಂದು ಆಲೋಚನೆ ನಡೆಯಿತು. ಕೆಳಗಿದ್ದವರಿಗಾಗಿ? ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಮೀರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಮೇಲೆ ತೋಟ, ತಪ್ಪಲಲ್ಲಿ ತೆರೆದ ಬಾವಿ, ಮನೆ, ಶಾಲೆ. ಕನ್ನಡ ಬಲ್ಲ ಎಣ್ಮಕಜೆಯ ಊರುಗಳಲ್ಲಿ ಅಂಗವಿಕಲ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ಉತ್ತರ ಕೇಳಿದರು. ಆ ಊರುಗಳಲ್ಲೊಂದರ ಹೆಸರು ಸ್ವರ್ಗ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು.

ವೀಕ್ ಅವರ ಜಾಣ್ಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಎಷ್ಟೋ ಚಾಲಕರನ್ನು ಮನೆಗೆ ಮರಳಿಸಿದೆ. ಅಷ್ಟೇ ಕಾಳಜಿಯಿಂದ ಯಾರಾದರೂ ಆ ಬಾವಿಗಳಿಗೊಂದು ಮುಚ್ಚಳವನ್ನಾದರೂ ಯೋಚಿಸಿದ್ದರೆ ಎಂದು ಮಾತ್ರ ನನಗೆ ಅನ್ನಿಸುತ್ತದೆ.