ಬಿಜಾಪುರದ ಗ್ರಂಥ, ನವಲಗುಂದದ ಪಗಡೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಟಿ ಹೇಸ್ ಎಂಬ ಲೇಖಕಿಯ ‘ದಿ ಕ್ಲಾಯ್ಸ್ಟರ್ಸ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಕಳುಹಿಸಿಕೊಟ್ಟು, “ಸರ್, ನಮ್ಮ ಇತಿಹಾಸದೊಳಗೂ ಇಂಥದು ಏನಾದರೂ ಉಂಟೇ?” ಎಂದು ಕೇಳಿದ್ದಾಳೆ. ಕಾದಂಬರಿ 2022ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕಿನ ಒಂದು ವಸ್ತುಸಂಗ್ರಹಾಲಯ, ಅಲ್ಲಿ ಸಂಶೋಧನೆಗೆಂದು ಬಂದು ಸೇರುವ ಬಡ ಹುಡುಗಿ, ಟ್ಯಾರೋ ಎಂಬ ಚಿತ್ರದ ಎಲೆಗಳಿಂದ ಹಿಂದಿನವರು ಭವಿಷ್ಯ ನೋಡುತ್ತಿದ್ದರೆಂದು ಸಾಧಿಸಿ ಹೆಸರು ಗಳಿಸಲು ಹೊರಟ ವಿದ್ವಾಂಸ, ನಡುವೆ ಒಂದು ಸಾವು. ಮುಂದಿನದನ್ನು ಹೇಳಿ ಓದುವವರ ಸುಖ ಕೆಡಿಸಲಾರೆ. ಆಕೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುವೆ: ಉಂಟು. ಅದರ ಎಳೆಯೊಂದು ನಮ್ಮ ನವಲಗುಂದದವರೆಗೂ ಬಂದಿದೆ.

ಮೊದಲು ಟ್ಯಾರೋ ವಿಷಯ. ಇಸ್ಪೀಟು ಎಲೆಗಳು ಯುರೋಪಿಗೆ ಹೋದದ್ದು 1370ರ ದಶಕದ ಸುಮಾರಿಗೆ, ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ನಾಡಿನ ಕಡೆಯಿಂದ. ಬಟ್ಟಲು, ನಾಣ್ಯ, ಕತ್ತಿ, ಪೋಲೋ ಕೋಲು ಎಂದು ಆ ಎಲೆಗಳಲ್ಲಿ ನಾಲ್ಕು ಗುರುತುಗಳಿದ್ದವು. ಹದಿನೈದನೆಯ ಶತಮಾನದ ನಡುವಿನ ಹೊತ್ತಿಗೆ ಉತ್ತರ ಇಟಲಿಯ ಶ್ರೀಮಂತರು ಅವುಗಳ ಜೊತೆಗೆ ಚಕ್ರವರ್ತಿ, ಮೃತ್ಯು, ಅದೃಷ್ಟಚಕ್ರ ಮುಂತಾದ ಚಿತ್ರಗಳ ಎಲೆಗಳನ್ನು ಸೇರಿಸಿ 78 ಎಲೆಗಳ ಕಟ್ಟು ಮಾಡಿಕೊಂಡರು. ಅದೇ ಟ್ಯಾರೋ. ಭವಿಷ್ಯ ನೋಡಲಿಕ್ಕಲ್ಲ, ಆಡಲಿಕ್ಕೆ! 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲ್ಯಾಂ ಎಂಬಾತನು, ಇವು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಜ್ಞಾನದ ಅವಶೇಷವೆಂದು ಯಾವ ಆಧಾರವೂ ಇಲ್ಲದೆ ಬರೆದನು. ಕೆಲವೇ ವರ್ಷಗಳಲ್ಲಿ ಎತೇಯಾ ಎಂಬಾತನು ಅವುಗಳಿಂದ ಕಣಿ ಹೇಳುವ ಪುಸ್ತಕವನ್ನೇ ಅಚ್ಚು ಹಾಕಿಸಿದನು. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕಲ್ ಡಮ್ಮೆಟ್ 1980ರಲ್ಲಿ ದೊಡ್ಡದೊಂದು ಗ್ರಂಥ ಬರೆದು, ಮೂರು ಶತಮಾನಗಳ ಕಾಲ ಟ್ಯಾರೋ ಮುಖ್ಯವಾಗಿ ಆಟವೇ ಆಗಿತ್ತೆಂದು ತೋರಿಸಿಕೊಟ್ಟರು. ತರ್ಕಶಾಸ್ತ್ರದಲ್ಲಿ ಅಷ್ಟು ಹೆಸರಾದವರು ಇಸ್ಪೀಟಿನ ಚರಿತ್ರೆಗೆ ಅಷ್ಟು ವರ್ಷಗಳನ್ನು ಕೊಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ.

ನಮ್ಮ ದೇಶದ ಗಂಜೀಫಾ ಎಲೆಗಳ ಮಾತೂ ಹೆಚ್ಚುಕಡಿಮೆ ಹೀಗೆಯೇ. ಬಾಬರನು 1527ರಲ್ಲಿ ಸಿಂಧದ ತನ್ನ ಮಿತ್ರನಿಗೆ ಗಂಜೀಫಾ ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದೆ ಅದು ದಶಾವತಾರದ ಎಲೆಗಳಾಗಿ ನಮ್ಮದಾಯಿತು. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು ಎಲೆ, ಒಟ್ಟು 120 ದುಂಡನೆಯ ಎಲೆಗಳು. ಹಗಲು ಆಡಿದರೆ ರಾಮನ ಎಲೆಯಿಂದಲೂ ರಾತ್ರಿ ಆಡಿದರೆ ಕೃಷ್ಣನ ಎಲೆಯಿಂದಲೂ ಆಟ ಆರಂಭವಾಗಬೇಕೆಂಬ ನಿಯಮ ಎಷ್ಟು ಸೊಗಸಾಗಿದೆ! ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36 ಎಲೆಗಳಿಂದ 360 ಎಲೆಗಳವರೆಗಿನ ಹದಿಮೂರು ಬಗೆಯ ಆಟಗಳನ್ನು ವರ್ಣಿಸಿದ್ದಾರೆ. ಆ ಎಲೆಗಳ ಮೇಲೆ ದೇವರುಗಳಿದ್ದಾರೆ, ಗ್ರಹಗಳಿದ್ದಾರೆ. ಆದರೂ ಅದು ಆಟವೇ.

ಹಾಗಾದರೆ ಚಿತ್ರ ನೋಡಿ ಭವಿಷ್ಯ ಹೇಳುವ ರೂಢಿ ನಮ್ಮಲ್ಲಿ ಇಲ್ಲವೇ? ಇದೆ, ಎಲೆಗಳಲ್ಲಿ ಮಾತ್ರ ಅಲ್ಲ. ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲಿ ಯುಗಾದಿಯ ಅಮಾವಾಸ್ಯೆಯಂದು ತುಪ್ಪರಿ ಹಳ್ಳದ ದಂಡೆಯ ಮೇಲೆ ಬೊಂಬೆಗಳನ್ನೂ ಧಾನ್ಯಗಳನ್ನೂ ಇಟ್ಟು ಬರುತ್ತಾರೆ. ಮರುದಿನ ಬೆಳಗಿನ ಜಾವ ಹೋಗಿ ಯಾವ ಬೊಂಬೆ ಹೇಗಿದೆ, ಯಾವ ಧಾನ್ಯ ಸರಿದಿದೆ ಎಂದು ನೋಡಿ ಆ ವರ್ಷದ ಮಳೆ, ಬೆಳೆ, ರಾಜಕೀಯಗಳ ಫಲ ಹೇಳುತ್ತಾರೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದನ್ನು ಗಮನಿಸಿರಿ: ಅಲ್ಲಿ ಕೇಳುವ ಪ್ರಶ್ನೆ ಊರಿನದು, ಉತ್ತರವನ್ನು ಎಲ್ಲರ ಮುಂದೆಯೇ ಹೇಳುತ್ತಾರೆ. ಒಬ್ಬನೇ ಮನುಷ್ಯ, ತನ್ನೊಬ್ಬನ ಏಳಿಗೆಗಾಗಿ ಗ್ರಹತಾರೆಗಳನ್ನು ವಿಚಾರಿಸಿದ ಕಥೆ ಬೇಕಾದರೆ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಹೋಗಬೇಕು.

ಒಂದನೆಯ ಅಲಿ ಆದಿಲ್ ಶಾಹನು 1558ರಲ್ಲಿ ಪಟ್ಟಕ್ಕೆ ಬಂದನು. 1565ರ ತಾಳಿಕೋಟೆಯ ಯುದ್ಧವೆಂದರೆ ನಿಮಗೆ ನೆನಪಾಗುವುದು ವಿಜಯನಗರದ ಪತನ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಗೆದ್ದ ಸುಲ್ತಾನರಲ್ಲಿ ಇವನೂ ಒಬ್ಬ ಎಂಬಲ್ಲಿಗೆ ನಮ್ಮ ಪಠ್ಯಪುಸ್ತಕಗಳು ಅವನನ್ನು ಬಿಟ್ಟುಬಿಡುತ್ತಿದ್ದವು. ಅವನು ಪುಸ್ತಕದ ಹುಚ್ಚಿನ ಅರಸ. ಅವನ ಗ್ರಂಥಭಂಡಾರದಲ್ಲಿ ಲಿಪಿಕಾರರು, ಚಿತ್ರಕಾರರು, ರಟ್ಟು ಕಟ್ಟುವವರು ಸೇರಿ ಸುಮಾರು ಅರವತ್ತು ಮಂದಿ ದಿನವಿಡೀ ಕೆಲಸ ಮಾಡುತ್ತಿದ್ದರೆಂದು ಸಮಕಾಲೀನನಾದ ರಫಿಯುದ್ದೀನ್ ಶೀರಾಜಿ ಬರೆದಿದ್ದಾನೆ. ದಂಡೆತ್ತಿ ಹೋಗುವಾಗಲೂ ಪುಸ್ತಕದ ಪೆಟ್ಟಿಗೆಗಳು ಅವನ ಸಂಗಡ ಹೋಗುತ್ತಿದ್ದವು.

ಆ ಆಸ್ಥಾನದಲ್ಲಿ 1570ರಲ್ಲಿ ಸಿದ್ಧವಾದ ಪಾರ್ಸಿ ಗ್ರಂಥ ‘ನುಜೂಮ್ ಅಲ್ ಉಲೂಮ್’, ಎಂದರೆ ವಿದ್ಯೆಗಳ ನಕ್ಷತ್ರಗಳು. ನೂರಾರು ಚಿತ್ರಗಳಿಂದ ತುಂಬಿದ ವಿಶ್ವಕೋಶವೇ ಅದು. ರಾಶಿಗಳು, ಗ್ರಹಗಳು, ಆಕಾಶದ ಒಂದೊಂದು ಅಂಶ, ವಶಪಡಿಸಿಕೊಳ್ಳಬೇಕಾದ ಶಕ್ತಿದೇವತೆಗಳು, ಯಂತ್ರಗಳು, ಆನೆ, ಕುದುರೆ, ಆಯುಧಗಳು, ಏಳು ಅಂತಸ್ತಿನ ಒಂದು ಸಿಂಹಾಸನ. ಇವುಗಳ ಜೊತೆಗೆ ನಮ್ಮ ಯೋಗಿನಿಯರೂ ಕುಳಿತಿದ್ದಾರೆ! ವಿಜಯನಗರವನ್ನು ಸೋಲಿಸಿ ಐದು ವರ್ಷವಾಗಿದ್ದ ಅರಸನ ಮನೆಯಲ್ಲಿ ಅರಬ್ಬೀ ಪಾರ್ಸಿ ವಿದ್ಯೆಯೂ ಸಂಸ್ಕೃತ ವಿದ್ಯೆಯೂ ಒಂದೇ ಹಾಳೆಯ ಮೇಲೆ ಬಂದವು. ಸಾಮರಸ್ಯಕ್ಕಾಗಿ ಎಂದು ನಾನು ಹೇಳಲಾರೆ. ಯಾವ ಶಕ್ತಿ ಕೆಲಸಕ್ಕೆ ಬಂದೀತೋ ಅದು ತನಗೆ ಬೇಕೆಂಬ ಹಸಿವು ಆ ಪುಟಗಳಲ್ಲಿ ಎದ್ದು ಕಾಣುತ್ತದೆಂಬುದು ನನ್ನ ಅಭಿಪ್ರಾಯ. ದಕ್ಷಿಣದ ಕೋಟೆಗಳು ಅವನ ಎದುರಿಗಿದ್ದವು. 1573ರಲ್ಲಿ ನಮ್ಮ ಧಾರವಾಡದ ಕೋಟೆ ಬಿದ್ದಿತು, ಅನಂತರ ಬಂಕಾಪುರ.

ಈ ಗ್ರಂಥವನ್ನು ಬರೆದವರು ಯಾರು? ಇದೇ ಬಹುಕಾಲ ಬಿಡಿಸದೆ ಉಳಿದ ಒಗಟು. ಹಸ್ತಪ್ರತಿಯು ಗಣಿಗಾರಿಕೆಯಲ್ಲಿ ಸಿರಿವಂತನಾದ ಚೆಸ್ಟರ್ ಬೀಟಿಯ ಸಂಗ್ರಹವನ್ನು ಸೇರಿ, ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಚಿತ್ರಕಲೆಯ ಪಂಡಿತರು ಅದರ ಚಿತ್ರಗಳನ್ನು ಕೊಂಡಾಡಿದರೂ ಕರ್ತೃವಿನ ವಿಷಯ ನಿಶ್ಚಯವಾಗಿರಲಿಲ್ಲ. ಎಮ್ಮಾ ಫ್ಲಾಟ್ ಎಂಬ ಇತಿಹಾಸಜ್ಞೆ 2011ರಲ್ಲಿ ಅಮೆರಿಕದ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಲೇಖನ ಬರೆದು, ಕರ್ತೃ ಮತ್ತಾರೂ ಅಲ್ಲ, ಅಲಿ ಆದಿಲ್ ಶಾಹನೇ ಎಂದು ವಾದಿಸಿದರು. ಒಪ್ಪಿದರೆ ಇಡೀ ಪುಸ್ತಕದ ಬಣ್ಣವೇ ಬದಲಾಗುತ್ತದೆ. ಜೋಯಿಸನೊಬ್ಬ ಅರಸನನ್ನು ಮೆಚ್ಚಿಸಲು ಬರೆದದ್ದಾಗಿದ್ದರೆ ಅದು ಉದ್ಯೋಗ. ಅರಸನೇ ಕುಳಿತು ಬರೆದಿದ್ದರೆ, ಜೋಯಿಸನ ವಿದ್ಯೆ ಜೋಯಿಸನ ಕೈಯಲ್ಲಿಯೇ ಉಳಿಯಬಾರದೆಂಬ ಹಟ ಅದರ ಹಿಂದೆ ಇರಬೇಕು. ತನ್ನ ಮುಹೂರ್ತವನ್ನು ಇನ್ನೊಬ್ಬನ ಬಾಯಿಂದ ಕೇಳಲು ಮನಸ್ಸಿಲ್ಲದವನು ಅವನು.

ಗ್ರಂಥವಾಗಿ ಹತ್ತು ವರ್ಷಕ್ಕೆ, 1580ರಲ್ಲಿ, ಅವನ ಕೊಲೆಯಾಯಿತು. ಬೀದರಿನ ಬರೀದ್ ಶಾಹಿ ಅರಸನಿಂದ ಒತ್ತಾಯಿಸಿ ತರಿಸಿಕೊಂಡಿದ್ದ ಇಬ್ಬರು ಖೋಜಾ ಸೇವಕರಲ್ಲಿ ಒಬ್ಬನು ಅವನನ್ನು ಇರಿದನೆಂದು ಫಿರಿಸ್ತಾ ಬರೆದಿದ್ದಾನೆ. ಸಂತಾನವಿರಲಿಲ್ಲ. ಒಂಬತ್ತರ ಆಸುಪಾಸಿನ ತಮ್ಮನ ಮಗ ಇಬ್ರಾಹೀಮನಿಗೆ ಪಟ್ಟವಾಯಿತು, ವಿಧವೆ ಚಾಂದಬೀಬಿ ರಾಜ್ಯ ನೋಡಿಕೊಂಡಳು. ಆಕಾಶದ ಅಂಶ ಅಂಶಕ್ಕೂ ಒಂದೊಂದು ದೇವತೆಯನ್ನು ಗುರುತಿಸಿದ್ದವನಿಗೆ ತನ್ನ ಕೋಣೆಯಲ್ಲಿ ನಿಂತಿದ್ದ ಹುಡುಗನ ಮನಸ್ಸು ತಿಳಿಯಲಿಲ್ಲ. ಆ ಹುಡುಗನ ಹೆಸರನ್ನು ಇತಿಹಾಸಕಾರರು ಹೆಚ್ಚು ವಿಚಾರಿಸುವುದೂ ಇಲ್ಲ. ತನ್ನ ಇಚ್ಛೆಗೆ ವಿರುದ್ಧವಾಗಿ ಒಂದು ಅರಮನೆಯಿಂದ ಇನ್ನೊಂದಕ್ಕೆ ಸಾಗಿಸಲ್ಪಟ್ಟ ಜೀವ ಅದು. ನನಗೆ ಅರಸನಿಗಿಂತ ಅವನ ವಿಷಯವೇ ಹೆಚ್ಚು ಕಾಡುತ್ತದೆ.

ಇನ್ನು ನವಲಗುಂದ. ಅಲ್ಲಿಯ ಜಮಖಾನೆಗಳನ್ನು ನೇಯುವವರ ಪೂರ್ವಜರು ಇದೇ ಅಲಿ ಆದಿಲ್ ಶಾಹನ ಕಾಲದಲ್ಲಿ ಬಿಜಾಪುರದಲ್ಲಿದ್ದರೆಂದೂ, ಬಿಜಾಪುರ ವಿಜಯನಗರಗಳ ಕದನದ ಕಾಲಕ್ಕೆ ನೆಮ್ಮದಿಯ ಜಾಗ ಹುಡುಕುತ್ತ ಬಂದು ನವಲಗುಂದದಲ್ಲಿ ನೆಲೆ ನಿಂತರೆಂದೂ ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಇದು ಶಾಸನದ ಮಾತಲ್ಲ, ಬಾಯಿಮಾತು. ಆದರೆ ಅರಸನು ಕೋಟೆ ಹಿಡಿಯಲು ಯಾವ ದಿಕ್ಕಿಗೆ ನಡೆದನೋ ಅದೇ ದಿಕ್ಕಿಗೆ ನೇಕಾರರು ಜೀವ ಉಳಿಸಿಕೊಳ್ಳಲು ನಡೆದರೆಂಬುದನ್ನು ಕೇಳಿದಾಗ ಆ ಬಾಯಿಮಾತನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ನೇಯುವವರು ಹೆಂಗಸರು, ಶೇಖ್ ಸಯ್ಯದ್ ಮನೆತನಗಳವರು. ಮನೆಯೊಳಗೇ ನಿಲುವು ಮಗ್ಗ, ಹತ್ತಿಯ ನೂಲು. ನವಿಲು ಒಂದು ಮಾದರಿಯಾದರೆ ಇನ್ನೊಂದು ಪಗಡೆ: ನಾಲ್ಕು ತೋಳಿನ ಪಗಡೆಯ ಹಾಸು ಜಮಖಾನೆಯ ನಡುವೆಯೇ ಮೂಡುತ್ತದೆ. ನಮಾಜಿಗೆಂದು ನೇಯುವ ಜಾನಮಾಜು ಬೇರೆ. ಕುಮಾರವ್ಯಾಸನ ಕೋಳಿವಾಡ ಅಲ್ಲಿಂದ ಬಹಳ ದೂರವೇನೂ ಇಲ್ಲ. ಸಭಾಪರ್ವದಲ್ಲಿ ರಾಜ್ಯವನ್ನೇ ನುಂಗಿದ ಆಟದ ಹಾಸು ಇಲ್ಲಿ ಮದುವೆಯ ಮನೆಯಲ್ಲಿ ಬೀಗರು ಕೂಡುವ ಹಾಸಾಗಿದೆ.

ಈ ವಿದ್ಯೆಯೂ ಒಂದು ಕಾಲಕ್ಕೆ ಗುಟ್ಟಾಗಿತ್ತು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಕಸುಬೂ ಅವರ ಹಿಂದೆ ಹೋದೀತೆಂದು ಮಗಳಿಗೆ ಕಲಿಸದೆ ಕಾಪಾಡಿಕೊಂಡು ಬಂದರಂತೆ. ಗುಟ್ಟನ್ನು ಉಳಿಸಿದ ಆ ಎಚ್ಚರವೇ ಕಲಿತವರ ಸಂಖ್ಯೆಯನ್ನೂ ಕಡಿಮೆ ಮಾಡಿತು. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ನೇಯುವ ಕೈಗಳು ಕೆಲವೇ ಉಳಿದಿವೆ, ಒಂದು ಜಮಖಾನೆಗೆ ಹಿಡಿಯುವ ದಿನಗಳಿಗೆ ತಕ್ಕ ಕೂಲಿ ಗಿಟ್ಟುವುದಿಲ್ಲ. ಡಬ್ಲಿನ್ನಿನ ಹಸ್ತಪ್ರತಿಗೆ ತಂಪಾದ ಕೋಣೆಯೂ ಕಾವಲೂ ಇವೆ. ಇಲ್ಲಿಯ ಪಗಡೆಯ ಲೆಕ್ಕ ಎಲ್ಲಿಯೂ ಬರೆದಿಟ್ಟದ್ದಲ್ಲ. ಯಾವ ಎಳೆಯ ಮೇಲೆ ಯಾವ ಬಣ್ಣ ಬರಬೇಕೆಂಬುದು ನೇಯುವಾಕೆಯ ಬೆರಳಿಗೆ ಗೊತ್ತು. ಊರ ಕಡೆ ಬಂದಾಗ ಯಾರಾದರೂ ಒಂದು ಜಮಖಾನೆ ಕೊಳ್ಳುವುದಾದರೆ ಪಗಡೆಯದನ್ನೇ ಕೇಳಿರಿ. ಚೌಕಾಸಿ ಮಾಡಬೇಡಿರಿ.